ರೋವನ್ ಮರವೂ ಜಮೀನುದಾರರ ಕರ್ತವ್ಯವೂ

ಯೂರೋಪು ಖಂಡದ ಶೀತಪ್ರದೇಶಗಳಲ್ಲಿ ರೋವನ್ ಎಂಬ ಸಣ್ಣ ಮರವು ಬಹಳವಾಗಿ ಬೆಳೆಯುವುದು. ಇದು ಸೇಬು ಮತ್ತು ಮರಸೇಬುಗಳ ಕುಟುಂಬಕ್ಕೆ ಸೇರಿದುದು. ಶಾಸ್ತ್ರಜ್ಞರು ಇದನ್ನು ಸೋರ್ಬಸ್ ಅಕುಪೇರಿಯಾ ಎಂದು ಕರೆಯುವರು. ಸಾಮಾನ್ಯವಾಗಿ 30ರಿಂದ 50 ಅಡಿ ಎತ್ತರ ಬೆಳೆಯುವ ಈ ಮರಕ್ಕೆ, ಬೇವಿನಲ್ಲಿರುವಂತೆ, ಒಂದೇ ಕಡ್ಡಿಯ ಎರಡು ಪಕ್ಕಗಳಲ್ಲಿ ಸಾಲಾಗಿ ಎಲೆಗಳಿರುವುವು. ಬಿಳಿಯ ಹೂಗೊಂಚಲುಗಳು ಉದುರಿದ ಮೇಲೆ ಬಟಾಣಿ ಗಾತ್ರದ ಕೆಂಪು ಹಣ್ಣುಗಳಾಗುವುವು. ಇವುಗಳನ್ನು ತಿಂದ ಹಕ್ಕಿಗಳು ಬೀಜಗಳನ್ನು ಗುಡ್ಡಗಾಡುಗಳಲ್ಲೆಲ್ಲ ಹರಡುವುವು.

ಹಣ್ಣು ನೋಟಕ್ಕೆ ಸೊಗಸಾದರೂ ರುಚಿಗೆ ಬಲು ಕಹಿ. ಹಸಿಯಾಗಿ ಹೆಚ್ಚು ತಿಂದರೆ ಹೊಟ್ಟೆಯೂ ಕೆಡುವುದು. ಬೇಯಿಸಿದಲ್ಲಿ ಈ ದೋಷವು ಪರಿಹಾರವಾಗುವುದರಿಂದ ಬ್ರಿಟನ್ನಿನಲ್ಲಿ ಸೇಬಿನೊಡನೆ ಸಕ್ಕರೆ ಪಾಕ ಮಾಡಿ ಉಪಯೋಗಿಸುವರು. 1859ರಲ್ಲಿ ಹಾಫ್ಮನ್ ಎಂಬ ರಸಾಯನಶಾಸ್ತ್ರಜ್ಞನು ಈ ಹಣ್ಣಿನಿಂದಲೇ ಸೋರ್ಬಿಕ್ ಆಮ್ಲವನ್ನು ಪಡೆದನು. ಆಹಾರಪದಾರ್ಥಗಳಿಗೆ ಬೂಷ್ಟು ಹಿಡಿಯದಂತೆ ಈಗ ಅದನ್ನು ಬಳಸುತ್ತಿರುವರು. ಹೀಗಿದ್ದರೂ ಬಹುಕಾಲ ಜನರು ರೋವನ್ನನ್ನು ಹಕ್ಕಿಗಳ ಪಾಲಿನ ಮರವೆಂದೇ ಎಣಿಸಿದ್ದರು.

ಸುಮಾರು 1810ರಲ್ಲಿ, ಈಗಿನ ಚೆಕ್ ಗಣರಾಜ್ಯದ ಓಸ್ತ್ರುಜ್ನಾ ಎಂಬ ಬೆಟ್ಟದ ಹಳ್ಳಿಯ ಬಳಿ, ಹಣ್ಣು ಕಹಿಯಾಗಿರದ ರೋವನ್ ಮರವೊಂದು ಜನರ ಕಣ್ಣಿಗೆ ಬಿದ್ದಿತು. ಅದರ ಕುಡಿಗಳನ್ನು ತೆಗೆದು ಬೇರೆ ಗಿಡಗಳಿಗೆ ಕಸಿಮಾಡಿದುದರಿಂದ ಆ ತಳಿಯು ದೇಶದೇಶಗಳಿಗೆ ಹರಡಿತು. ರಷ್ಯಾದೇಶದ ವ್ಲಾದಿಮಿರ್ ಪ್ರಾಂತದ ನೆವೆಝಿನೊ ಗ್ರಾಮದಿಂದಲೂ ಇಂತಹುದೇ ತಳಿ ದೊರೆತು ಆ ಗ್ರಾಮದ ಹೆಸರಿನಿಂದಲೇ ಪ್ರಸಿದ್ಧವಾಯಿತು. ಇವೆರಡೂ ಯಾವ ಪ್ರಯೋಗಶಾಲೆಯಲ್ಲಿಯೂ ಹುಟ್ಟಿದುವಲ್ಲ. ಹಳ್ಳಿಯವರು ಕಡಿಯದೆ ಉಳಿಸಿದ ಮರಗಳೇ ಇವಕ್ಕೆ ಮೂಲ.

ರೋವನ್ನಿನ ಬಂಧುವಾದ ಸೋರ್ಬಸ್ ಡೊಮೆಸ್ಟಿಕಾ ಎಂಬ ಮರದ ಚರಿತ್ರೆಯು ಇದಕ್ಕೆ ವಿರುದ್ಧವಾದುದು. ಜರ್ಮನಿಯ ಫ್ರಾಂಕ್‌ಫರ್ಟ್ ಸೀಮೆಯವರು ಅದರ ಒಗರು ಹಣ್ಣಿನ ರಸವನ್ನು ಸೇಬಿನ ಮದ್ಯಕ್ಕೆ ಬೆರೆಸಿ, ಮದ್ಯವು ತಿಳಿಯಾಗಿ ಕೆಡದೆ ನಿಲ್ಲುವಂತೆ ಮಾಡುತ್ತಿದ್ದರು. ಇಷ್ಟು ಪ್ರಯೋಜನವಿದ್ದ ಮರವೂ ಪೋಷಣೆಯಿಲ್ಲದೆ ಅಪೂರ್ವವಾಯಿತು. ಕಡೆಗೆ 1993ರಲ್ಲಿ ಅದನ್ನು ಆ ದೇಶದ ವರ್ಷದ ವೃಕ್ಷವೆಂದು ಸಾರಿ, ಸಸಿಗಳನ್ನು ನೆಡುವಂತೆ ಜನರನ್ನು ಪ್ರೇರೇಪಿಸಬೇಕಾಯಿತು. ಇರುವಾಗ ಕಾಪಾಡುವುದು ಸುಲಭ, ಹೋದಮೇಲೆ ಬರಿಸುವುದು ಕಷ್ಟ.

ರೋವನ್ ಮರವು ನಮ್ಮ ಸೀಮೆಯ ಸೆಕೆಗೆ ತಕ್ಕುದಲ್ಲ, ಅದನ್ನು ಇಲ್ಲಿ ನೆಡಬೇಕೆಂದು ಯಾರೂ ಹೇಳಲಾರರು. ಆದರೆ ಅದು ಕಲಿಸುವ ನೀತಿಯು ಎಲ್ಲ ದೇಶಗಳಿಗೂ ಸಲ್ಲುವುದು. ಬೀಜದಿಂದ ಹುಟ್ಟಿದ ಮಾವು, ಹಲಸು, ಹುಣಿಸೆ ಮರಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಹತ್ತು ಮರಗಳು ಸಾಧಾರಣವಾದವುಗಳಾದರೂ ಹನ್ನೊಂದನೆಯದು ವಿಶೇಷ ಗುಣವುಳ್ಳದ್ದಾಗಿರಬಹುದು. ಅದನ್ನು ಕಡಿದಮೇಲೆ ಅದರ ಬೀಜವನ್ನು ಬಿತ್ತಿದರೂ ತಾಯಿಯ ಗುಣವೇ ಬರುವುದೆಂಬ ಭರವಸೆಯಿಲ್ಲ. ಕಸಿಯೊಂದೇ ಮಾರ್ಗ, ಕಸಿಗಾದರೋ ಜೀವವಿರುವ ಕುಡಿ ಬೇಕು.

ಬದುವಿನ ಮರದ ನೆರಳಿನಿಂದ ಪೈರು ಸೊರಗುವುದೆಂದು ಕೆಲವರು ಆಕ್ಷೇಪಿಸುವರು. ಈ ಮಾತು ಸುಳ್ಳಲ್ಲ. ಎಲ್ಲ ಮರಗಳನ್ನೂ ಉಳಿಸಬೇಕೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ಕೊಡಲಿ ಹಾಕುವುದಕ್ಕೆ ಮುಂಚೆ ಒಂದು ಫಸಲಿನ ಹಣ್ಣನ್ನಾದರೂ ರುಚಿ ನೋಡತಕ್ಕದ್ದು. ಊರಿನ ವೃದ್ಧರನ್ನು ವಿಚಾರಿಸತಕ್ಕದ್ದು. ವಿಶೇಷವೆಂದು ಕಂಡ ಮರಕ್ಕೆ ಗುರುತು ಹಾಕಿ ಇಲಾಖೆಯ ಅಧಿಕಾರಿಗಳಿಗೆ ತಿಳಿಸಿ, ನಾಲ್ಕಾರು ಗಿಡಗಳಿಗಾದರೂ ಕಸಿಮಾಡಿಸತಕ್ಕದ್ದು. ಅನಂತರ ಮೂಲ ಮರವನ್ನು ತೆಗೆಯಬೇಕಾಗಿ ಬಂದರೂ ತಳಿಯು ನಷ್ಟವಾಗದು.

ಗ್ರಾಮದ ಮುಖಂಡರು ಈ ವಿಷಯದಲ್ಲಿ ಮೊದಲು ಮೇಲ್ಪಂಕ್ತಿ ಹಾಕಿದರೆ ಉಳಿದ ರೈತರು ತಾವಾಗಿಯೇ ಅನುಸರಿಸುವರು. ಇದಕ್ಕೆ ತಗಲುವ ವೆಚ್ಚವು ಅತ್ಯಲ್ಪ. ಅಲಕ್ಷ್ಯದಿಂದಾಗುವ ನಷ್ಟವನ್ನಾದರೋ ಮುಂದಿನ ತಲೆಮಾರಿನವರು ಎಷ್ಟು ಹಣವಿತ್ತರೂ ತುಂಬಲಾರರು.