ಬೆಟ್ಟದ ಮಂಜಿಗೆ ಆ್ಯಪ್ ಯಾಕ್ರೋ? | ಸರಣಿ: ಭಾಗ 3

1/
ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಎತ್ತರ 1,454 ಮೀಟರ್. ಹೆಸರಲ್ಲೇ ಹಿಮ ಇದೆ. ಅಲ್ಲಿ ನಿಂತು ತೆಗೆದ ಫೋಟೋಗೆ ಆ್ಯಪ್‌ನಿಂದ ಮಂಜು ಅಂಟಿಸ್ತೀರಲ್ಲ, ಇದು ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಕಥೆ ಕಣ್ರೋ.

ಗುಂಡ್ಲುಪೇಟೆ ಸೂರ್ಯಕಾಂತಿ ಹೊಲಕ್ಕೂ ಅದೇ ಗತಿ. ಎಲ್ಲರದ್ದೂ ಒಂದೇ ಕಿತ್ತಳೆ ಪ್ರೀಸೆಟ್, ಒಂದೇ ಬೆಳಕಿನ ಕೋಲು, ಮೂಲೇಲಿ ಹಾರೋ ಅದೇ ಐದು ಹಕ್ಕಿ. ತೆರಕಣಾಂಬಿನೋ ಟರ್ಕಿನೋ ಗೊತ್ತೇ ಆಗಲ್ಲ. ಕೇಳಿದ್ರೆ ಒಂದೇ ಉತ್ತರ: "ನನ್ನತ್ರ ಐಫೋನ್ ಇಲ್ಲ ಮಚ್ಚಾ."

2/
ನೆಪ ಬಿಡಿ. ವಿ.ಕೆ. ಮೂರ್ತಿ ನಮ್ಮ ಪಕ್ಕದ ಮೈಸೂರಿನವರು. 1959ರ 'ಕಾಗಜ್ ಕೆ ಫೂಲ್' ಸಿನಿಮಾದಲ್ಲಿ ಕತ್ತಲ ಸ್ಟುಡಿಯೋ ಒಳಗೆ ಇಳಿದು ಬರೋ ಆ ಬೆಳಕಿನ ಕೋಲು ಅವರದ್ದೇ. ಹೊರಗಿನ ಬಿಸಿಲನ್ನ ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದ್ರು, ಅಷ್ಟೇ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು.

ಕನ್ನಡಿ ನಿಮ್ಮ ಮನೇಲೂ ಇದೆ. ಕಿಟಕಿ ಬಿಸಿಲನ್ನ ಕತ್ತಲೆ ಕೋಣೆಗೆ ತಿರುಗಿಸಿ, ಸ್ವಲ್ಪ ಸಾಂಬ್ರಾಣಿ ಹೊಗೆ ಹಾಕಿ. ಹೊಗೆ ಇಲ್ದೆ ಕೋಲು ಕಾಣಲ್ಲ. (ಇದು ಮನೆ ಒಳಗೆ ಮಾತ್ರ. ಬೆಟ್ಟದ ಸುತ್ತ ಬಂಡೀಪುರದ ಕಾಡು, ಅಲ್ಲಿ ಬೆಂಕಿ ಸಹವಾಸ ಬೇಡವೇ ಬೇಡ.)

3/
ಖರ್ಚಿಲ್ಲದ ಇನ್ನೆರಡು:

▪️ಲೆನ್ಸ್ ಒರೆಸಿ. ಬೆರಳನ್ನ ಮೂಗಿಗೆ ಉಜ್ಜಿ, ಲೆನ್ಸ್ ಮೇಲೆ ಮೇಲಿಂದ ಕೆಳಕ್ಕೆ ಒಂದೇ ಸಲ ಎಳೀರಿ. ರಾತ್ರಿ ಚಾಮರಾಜನಗರ ಬಸ್ ಸ್ಟ್ಯಾಂಡಲ್ಲಿ ಹೆಡ್‌ಲೈಟು ಅಡ್ಡಡ್ಡ ಗೆರೆಯಾಗಿ ಚಾಚುತ್ತೆ. ಗೆರೆ ಯಾವತ್ತೂ ನೀವು ಎಳೆದ ದಿಕ್ಕಿಗೆ ಅಡ್ಡಕ್ಕೇ ಬರೋದು.

▪️ಹೆಚ್ಚಿನ ಫೋನುಗಳಲ್ಲಿ ಲೆನ್ಸಿನ ಕಿಂಡಿ ಚಿಕ್ಕದು ಮಾಡಕ್ಕಾಗಲ್ಲ. ಅದಕ್ಕೇ ಮಟಮಟ ಮಧ್ಯಾಹ್ನ ಶಟರ್ ತಾನೇ ವೇಗ ಆಗಿ ವಿಡಿಯೋ ಕಟಕಟ ಅನ್ನುತ್ತೆ. ಕಪ್ಪು ಕನ್ನಡಕ ಲೆನ್ಸಿಗೆ ಅಡ್ಡ ಹಿಡೀರಿ, ಪ್ರೋ ಮೋಡಲ್ಲಿ 24 ಫ್ರೇಮಿಗೆ ಶಟರ್ 1/50 ಇಡಿ. ಗಾಳಿಗೆ ತೂಗೋ ಹೂವು ಸಿನಿಮಾ ಥರಾನೇ ತೂಗುತ್ತೆ.

4/
"ಎಡಿಟಿಂಗೂ ಕಲೆ ತಾನೇ?" ಹೌದು. ಫೋನೇ ನಾಲ್ಕಾರು ಫ್ರೇಮ್ ಸೇರಿಸಿ ಒಂದು ಫೋಟೋ ಮಾಡುತ್ತೆ, ಅದೂ ಗೊತ್ತು. ಬಣ್ಣ ತಿದ್ದಿ, ಕ್ರಾಪ್ ಮಾಡಿ, ನನ್ನ ತಕರಾರಿಲ್ಲ. ಇಲ್ಲದ್ದನ್ನ ತಂದು ಇಡೋದು ಬೇರೆ ವಿಷಯ.

ಯಾಕೆ ಅಂದ್ರೆ ಈ ಹೊಲಗಳು ಬ್ಯಾಕ್‌ಗ್ರೌಂಡ್ ಅಲ್ಲ. ಸೂರ್ಯಕಾಂತಿ ಅಂದ್ರೆ ಎಣ್ಣೆಕಾಳು, ಚೆಂಡು ಹೂವು ಅಂದ್ರೆ ಒಂದು ಮನೆಯ ವರ್ಷದ ಲೆಕ್ಕ. ಮಳೆ ಕೈಕೊಟ್ಟು ಗಿಡ ಒಣಗಿದ ವರ್ಷವೂ ನಿಮ್ಮ ಆ್ಯಪಲ್ಲಿ ಹಸಿರೇ. ಹತ್ತು ವರ್ಷ ಬಿಟ್ಟು ಆ ಫೋಟೋ ನೋಡೋರಿಗೆ ಆ ವರ್ಷ ಬರ ಇತ್ತು ಅಂತ ಯಾರು ಹೇಳ್ತಾರೆ? ಕೇರಳದಿಂದ ಬರೋರು ಹೂವು ನೋಡಿ ಹೋಗ್ತಾರೆ, ಸರಿ. ಬರಗಾಲ ನೋಡೋಕೆ ಇಲ್ಲಿರೋರು ನಾವೇ. ನಾವೇ ಸುಳ್ಳು ಬಣ್ಣ ಬಳಿದ್ರೆ ಊರಿಗೆ ಸಾಕ್ಷಿ ಯಾರು?

5/
ಈ ಭಾನುವಾರ ಒಂದೇ ಒಂದು ಫೋಟೋ ಹಾಕಿ. ಎಫೆಕ್ಟ್ ಇರಲಿ, ಆದ್ರೆ ಲೆನ್ಸ್ ಮುಂದೆಯೇ ಆಗಿರಬೇಕು. ಹೊಲಕ್ಕೆ ಇಳಿಯೋ ಮುಂಚೆ ಯಜಮಾನರನ್ನ ಕೇಳಿ, ಸಾಲು ತುಳೀಬೇಡಿ. ಮಂಜು ಬರಲಿಲ್ವಾ? ಮಂಜಿಲ್ಲದ ಬೆಟ್ಟಾನೇ ಹಾಕಿ. ಅವತ್ತು ಬೆಟ್ಟ ಇದ್ದಿದ್ದೇ ಹಂಗೆ.

ಭಾಗ 4: ಸ್ಲೋ ಶಟರ್, ಓಡೋ ಬಸ್ಸು.

#ನಮ್ಮಚಾಮರಾಜನಗರ #ಗುಂಡ್ಲುಪೇಟೆ #ಆ್ಯಪ್‌ಮಂಜುಬೇಡ