ಮೆಣಸಿನ ಲೆಕ್ಕ ಓದಲು ಲ್ಯಾಟಿನ್ ಬೇಕು

ಸುಮಾರು 1900 ವರ್ಷಗಳ ಹಿಂದೆ, ಇಂಗ್ಲೆಂಡಿನ ಉತ್ತರ ಗಡಿಯ ವಿಂಡೊಲಾಂಡ ಎಂಬ ರೋಮನ್ ಕೋಟೆಯಲ್ಲಿ ಗಂಬಾಕ್ಸ್ ಎಂಬವನ ಹೆಸರಿಗೆ ಮೆಣಸಿನ ಬಾಬ್ತು ಎರಡು ದಿನಾರಿಯಸ್ ನಾಣ್ಯದ ಲೆಕ್ಕ ಬರೆದಿಟ್ಟರು. ತೆಳ್ಳನೆ ಮರದ ಹಲಗೆ, ಮಸಿಯ ಬರಹ, ಲ್ಯಾಟಿನ್ ಭಾಷೆ. ಇಂಥ ಹಲಗೆಗಳು 1973ರಿಂದ ಅಲ್ಲಿನ ಕೆಸರಿನಲ್ಲಿ ಸಿಗುತ್ತಿವೆ. ಆ ಮೆಣಸು ಹೋದದ್ದು ನಮ್ಮ ಪಶ್ಚಿಮ ಕರಾವಳಿಯ ಕಡೆಯಿಂದ.

ಶಾಗ್ಯ ಎಂಬ ಊರಿನ ಹುಡುಗಿಯೊಬ್ಬಳು ಕಾಲೇಜಿನಲ್ಲಿ ಇತಿಹಾಸ ಓದಿದರೆ ಅವಳಿಗೆ ಸಿಗುವ ರೋಮ್ ಎಂದರೆ ಸೀಸರ್, ಅಗಸ್ಟಸ್, ಯುದ್ಧದ ಇಸವಿಗಳು. ಗಂಬಾಕ್ಸ್ ಸಿಗುವುದಿಲ್ಲ. ಇದು ದೊಡ್ಡ ನಷ್ಟ. ಅವಳ ಊರಿನ ಸೀಮೆ, ಅಂದರೆ ಕೊಳ್ಳೇಗಾಲ, 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದಕ್ಷಿಣ ಭಾರತದಲ್ಲಿ ರೋಮನ್ ನಾಣ್ಯಗಳು ಹೇರಳವಾಗಿ ಸಿಕ್ಕಿದ್ದು ಆ ಕೊಯಮತ್ತೂರಿನ ಸುತ್ತಮುತ್ತಲೇ. ಆ ನಾಣ್ಯದ ಮೇಲಿನ ಅಕ್ಷರಗಳನ್ನು ಅವಳೇ ಓದುವಂತಾಗಬೇಕು.

ಅನುವಾದ ಸಾಲದೇ ಎನ್ನುವವರಿದ್ದಾರೆ. ಸಾಲದು. ಯಾವುದನ್ನು ಅನುವಾದಿಸಬೇಕು ಎಂದು ಆರಿಸುವವರು ಬೇರೆಯವರು, ಅವರ ಕುತೂಹಲ ಬೇರೆ. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮನ್ ಲೇಖಕ ಪ್ಲಿನಿ ಕರಿಮೆಣಸು ಪೌಂಡಿಗೆ ನಾಲ್ಕು ದಿನಾರಿಯಸ್, ಹಿಪ್ಪಲಿ ಹದಿನೈದು ಎಂದು ದರ ಬರೆದಿದ್ದಾನೆ. ಖಾರವೊಂದನ್ನು ಬಿಟ್ಟರೆ ಇದರಲ್ಲಿ ಮೆಚ್ಚುವಂಥದ್ದೇನಿದೆ ಎಂದು ಬೆರಗಾಗಿದ್ದಾನೆ! ಮೆಣಸುಸಾರು ಉಂಡು ಬೆಳೆದವರು ಆ ಸಾಲಿಗೆ ಕೇಳುವ ಪ್ರಶ್ನೆಗಳನ್ನು ಲಂಡನ್ನಿನ ಪಂಡಿತ ಕೇಳಲಾರ. ಇಂಥ ಬರಹ ಇನ್ನೂ ಇದೆ: ರೋಮನ್ ಊರು ಪೊಂಪೆಯ ಗೋಡೆಯೊಂದರ ಮೇಲೆ ಗಿಣ್ಣು, ರೊಟ್ಟಿ, ಎಣ್ಣೆ, ಈರುಳ್ಳಿಯ ದಿನವಹಿ ಖರ್ಚಿದೆ. ಮನೆಯ ಗುಲಾಮನ ರೊಟ್ಟಿಯದೂ ಇದೆ.

ಲ್ಯಾಟಿನ್ ಕಷ್ಟವೆಂಬ ಭಯವೂ ಅತಿಯಾಯಿತು. ನಾಮಪದಕ್ಕೆ ವಿಭಕ್ತಿ ಪ್ರತ್ಯಯ, ಕ್ರಿಯಾಪದದಲ್ಲೇ ಕರ್ತೃವಿನ ಸುಳಿವು, ಬಹುಮಟ್ಟಿಗೆ ವಾಕ್ಯದ ಕೊನೆಗೆ ಕ್ರಿಯಾಪದ: ಇವೆಲ್ಲ ಕನ್ನಡಿಗರಿಗೆ ಹೊಸತಲ್ಲ. ದಾರಿಯನ್ನೂ ಹಿಂದೆಯೇ ಕಡಿದಿಟ್ಟಿದ್ದಾರೆ. ಕ್ರೈಸ್ತ ಮಿಷನರಿಗಳು 1855ರಲ್ಲಿ ಬೆಂಗಳೂರಿನಲ್ಲಿ ಕನ್ನಡ–ಲ್ಯಾಟಿನ್ ನಿಘಂಟು, 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟು ಅಚ್ಚು ಹಾಕಿಸಿದ್ದರು.

ಮೈಸೂರು, ಚಾಮರಾಜನಗರದ ವಿಶ್ವವಿದ್ಯಾಲಯಗಳು ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ವರ್ಷದ ಐಚ್ಛಿಕ ಲ್ಯಾಟಿನ್ ತರಗತಿ ತೆರೆಯಲಿ. ಎಳಂದೂರಿನ ಶಾಸನ ಓದಲು ಹಳಗನ್ನಡ ಕಲಿಸುವ ಕೊಠಡಿಯಲ್ಲೇ ಅದೂ ನಡೆಯಲಿ. ಮೊದಲ ಪಾಠಕ್ಕೆ ಸೀಸರನ ದಂಡಯಾತ್ರೆ ಬೇಡ. ವಿಂಡೊಲಾಂಡದಲ್ಲೇ ಸಿಕ್ಕಿದ, ಕ್ಲಾಡಿಯ ಸೆವೆರ ತನ್ನ ಹುಟ್ಟುಹಬ್ಬಕ್ಕೆ ಗೆಳತಿ ಲೆಪಿಡಿನಳನ್ನು ಕರೆದ ಕಾಗದ ಸಾಕು. ಆ ಚಿಕ್ಕ ಕಾಗದದ ಕೊನೆಯ ಮಾತುಗಳನ್ನು ಸೆವೆರಳೇ ಕೈಯಾರೆ ಬರೆದಿದ್ದಾಳೆ.