ಹೊಸ ಬಣ್ಣ ಬಳಿಯುವ ಮುನ್ನ

ಮಳೆಗಾಲ ಕಳೆದು ಗೋಡೆ ಒಣಗಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಸುಣ್ಣ-ಬಣ್ಣದ ಮಾತು ಶುರುವಾಗುತ್ತದೆ. ಮದುವೆ, ಮುಂಜಿ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆ. ನೆಂಟರು ಬರುವುದರೊಳಗೆ ಮನೆ ಚೊಕ್ಕಟವಾಗಬೇಕು. ಯಾವ ಬಣ್ಣ ಚೆಂದ, ಯಾವುದು ಬಾಳಿಕೆ ಬರುತ್ತದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಆದರೆ ಅಂಬೆಗಾಲಿಡುವ ಮಗುವೋ ಬಸುರಿ ಹೆಂಗಸೋ ಇರುವ ಮನೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಬಣ್ಣದಲ್ಲಿ ಸೀಸ ಇದೆಯೇ?

ಹಳದಿ, ಕೇಸರಿ, ಕೆಂಪು ಎಣ್ಣೆ ಬಣ್ಣಗಳಿಗೆ ಹೊಳಪು ಕೊಡಲು, ಬೇಗ ಒಣಗಿಸಲು ಸೀಸದ ಸಂಯುಕ್ತಗಳನ್ನು ಬೆರೆಸುವ ರೂಢಿಯಿತ್ತು. ಸೀಸ ನಮ್ಮ ದೇಹಕ್ಕೆ ಯಾವ ಉಪಯೋಗಕ್ಕೂ ಬಾರದ ವಿಷ. ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಚಿಕ್ಕ ಮಕ್ಕಳ ಕರುಳು ಅದನ್ನು ಹೀರಿಕೊಳ್ಳುತ್ತದೆ. ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ, ಓದಿನಲ್ಲಿ ಹಿಂದೆ ಬೀಳುವುದು ಇದರ ಲಕ್ಷಣಗಳು. ಬೇರೆ ಕಾರಣಗಳಿಂದಲೂ ಇವು ಬರುವುದರಿಂದ ರಕ್ತಪರೀಕ್ಷೆಯಿಲ್ಲದೆ ತಿಳಿಯುವುದಿಲ್ಲ. ಮಿದುಳಿಗೆ ಒಮ್ಮೆ ಆದ ಹಾನಿಯನ್ನು ಔಷಧಿ ಸರಿಪಡಿಸಲಾರದು. ತಾಯಿಯ ಮೂಳೆಯಲ್ಲಿ ಕೂತ ಸೀಸ ಗರ್ಭದ ಶಿಶುವಿಗೂ ಇಳಿಯುತ್ತದೆ.

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನ ದೇಶದ ದೊಡ್ಡ ನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆ ಮಕ್ಕಳಲ್ಲಿ ಸೀಸ ಎಷ್ಟು ಸೇರಿದೆಯೆಂದು ತೋರಿಸಿ ಕಣ್ತೆರೆಸಿತು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಮನೆಯ ಬಣ್ಣಕ್ಕೆ ಮಾತ್ರ 2016ರಲ್ಲಿ ನಿಯಮ ಬಂದು, 2017ರ ನವೆಂಬರ್‌ನಿಂದ ಜಾರಿಯಾಯಿತು. ಹತ್ತು ಲಕ್ಷ ಭಾಗದಲ್ಲಿ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು. ಡಬ್ಬಿಯ ಮೇಲೆ ಹಾಗೆಂದು ಬರೆದಿರಬೇಕು. ಆ ಬರಹವಿಲ್ಲದ ಡಬ್ಬಿಯನ್ನು, ಎಷ್ಟೇ ಅಗ್ಗವಾಗಲಿ, ಕೊಳ್ಳಬೇಡಿ. ಯಂತ್ರಗಳಿಗೆ ಬಳಿಯುವ ಕೈಗಾರಿಕಾ ಬಣ್ಣಕ್ಕೆ ಈ ನಿಯಮವಿಲ್ಲ. ಉಳಿದಿದೆಯೆಂದು ಅದನ್ನು ತೊಟ್ಟಿಲಿಗೋ ಕಿಟಕಿಗೋ ಬಳಿಯಬೇಡಿ.

ನನಗೆ ಹೊಸ ಡಬ್ಬಿಗಿಂತ ಹೆಚ್ಚು ಚಿಂತೆ ಹಳೆಯ ಬಾಗಿಲು, ಕಿಟಕಿಗಳದ್ದು. ನಮ್ಮ ಹಂಚಿನ ಮನೆಗಳಲ್ಲಿ ಎಣ್ಣೆ ಬಣ್ಣದ ಮೇಲೆ ಎಣ್ಣೆ ಬಣ್ಣ ಪದರು ಪದರಾಗಿ ಕೂತಿದೆ. ಅದನ್ನು ಒಣಗಿದ್ದಂತೆಯೇ ಉಪ್ಪುಕಾಗದದಿಂದ ತಿಕ್ಕಿದಾಗ ಏಳುವ ಧೂಳು ನೆಲ, ಹಾಸಿಗೆ, ಆಟಿಕೆಗಳ ಮೇಲೆ ಕೂರುತ್ತದೆ. ಮಗು ಕೈ ಬಾಯಿಗಿಟ್ಟರೆ ಸಾಕು, ವಿಷ ಒಳಗೆ ಸೇರಿತು. ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಕೆರೆಯದೆ ಮೇಲೆ ಬಳಿಯಿರಿ. ಎದ್ದು ಬರುತ್ತಿದ್ದರೆ ನೀರಿನಿಂದ ತೋಯಿಸಿ ಕೆರೆಸಿ, ಬೆಂಕಿಯಿಂದ ಸುಡಿಸಬೇಡಿ. ಕೆರೆದದ್ದನ್ನು ತೋಟಕ್ಕಾಗಲಿ ಗೊಬ್ಬರದ ಗುಂಡಿಗಾಗಲಿ ಎಸೆಯದೆ ಕಟ್ಟಿಡಿ. ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸ ಮುಗಿಯುವವರೆಗೆ ಮಕ್ಕಳೂ ಬಸುರಿಯರೂ ಬೇರೆಡೆ ಇರಲಿ. ಬಣ್ಣದ ಕೆಲಸದವರಿಗೂ ಮುಖಕ್ಕೆ ಮಾಸ್ಕ್, ಊಟಕ್ಕೆ ಮುನ್ನ ಕೈ ತೊಳೆಯಲು ಸಾಬೂನು ಕೊಡಿ. ಅವರ ಮನೆಯಲ್ಲೂ ಮಕ್ಕಳಿದ್ದಾರೆ.

ಇನ್ನು ಗೋಡೆ. ನಮ್ಮ ಮಳೆಗೆ ಗೋಡೆ ನೀರು ಕುಡಿದು ಬೂಷ್ಟು ಹಿಡಿಯುತ್ತದೆ. ಉಬ್ಬಸದವರಿಗೆ ಅದು ಶತ್ರು. ಹೊಳಪಿನ ಬಣ್ಣ ಬಳಿದು ಬೂಷ್ಟನ್ನು ಮುಚ್ಚಿದರೆ ಮುಂದಿನ ಆಷಾಢದಲ್ಲಿ ಅದು ಮತ್ತೆ ಹಾಜರು. ಮೊದಲು ಸೋರುವ ಹಂಚು ಸರಿಪಡಿಸಿ. ಗೋಡೆಯನ್ನು ಪೂರಾ ಒಣಗಿಸಿ. ಹಳೆಯ ಮಣ್ಣು ಗೋಡೆಗೆ ಸುಣ್ಣವೇ ಮೇಲೆಂದು ನನ್ನ ಅಭಿಪ್ರಾಯ. ಅದು ತೇವವನ್ನು ಹೊರಬಿಡುತ್ತದೆ. ಅದರ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಬೆಳೆಯದು. ಕಲಸುವಾಗ ಕಣ್ಣಿಗೆ ಸಿಡಿದರೆ ಮಾತ್ರ ತಕ್ಷಣ ಹದಿನೈದಿಪ್ಪತ್ತು ನಿಮಿಷ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಓಡಿ. ಸಿಮೆಂಟು ಗೋಡೆಯಾದರೆ ನೀರಿನಲ್ಲಿ ಕಲಸುವ, ಕಡಿಮೆ ವಾಸನೆಯ ಬಣ್ಣ ಆರಿಸಿ, ಕಿಟಕಿ ತೆರೆದಿಡಿ.

ಸಿದ್ದಾಪುರದ ದೀವರ ಹೆಂಗಸರು ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿ ಹಿಟ್ಟು, ಸುಟ್ಟ ಅಕ್ಕಿಯ ಕಪ್ಪು ಬಳಸಿಯೇ ಗೋಡೆಯನ್ನು ಬೆಳಗಿಸಿದವರು. ಎಲ್ಲರೂ ಅಲ್ಲಿಗೇ ಮರಳಬೇಕೆಂದು ನಾನು ಹೇಳುವುದಿಲ್ಲ. ಬಣ್ಣದಂಗಡಿಯಲ್ಲಿ ಕಾರ್ಡು ನೋಡುವ ಮೊದಲು ಡಬ್ಬಿಯನ್ನು ತಿರುಗಿಸಿ ಓದಿ. ಕೆಲಸ ಶುರುವಾಗುವ ದಿನ ಒಂದು ಬಕೆಟ್ ನೀರು ಮುಂದಿಡಿ. ನಿಮ್ಮ ಮಗುವಿನ ಮಿದುಳನ್ನು ಕಾಯಲು ಇಷ್ಟು ಖರ್ಚು ಹೆಚ್ಚಲ್ಲ.